ಹಡಗಿನ ಊಟಕ್ಕೆ ಯಾವ ಉಡುಗೆ?

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಬ್ಯಾಲಾರ್ಡ್ ಪಿಯರ್ ಹೊಸ ಹೆಸರಲ್ಲ. ಇಂದು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ಆಗಿದ್ದರೂ ಹಿರಿಯರ ಬಾಯಲ್ಲಿ ಇನ್ನೂ ವಿ.ಟಿ.ಯಾಗಿಯೇ ಉಳಿದಿರುವ ನಿಲ್ದಾಣದಲ್ಲಿ ಇಳಿದು, ಪೂರ್ವಕ್ಕೆ ತುಸು ದೂರ ನಡೆದರೆ ಬ್ಯಾಲಾರ್ಡ್ ಎಸ್ಟೇಟಿನ ಕಲ್ಲುಕಟ್ಟಡಗಳು ಬರುತ್ತವೆ. ಹೆಚ್ಚುಕಡಿಮೆ ಒಂದೇ ಎತ್ತರ, ಒಂದೇ ಗಾಂಭೀರ್ಯ. ಸೂಟು ತೊಟ್ಟ ಸಾಹೇಬರು ಸಾಲಾಗಿ ನಿಂತಂತೆ ಕಾಣುತ್ತವೆ. ನಮ್ಮಂಥ ಗುಮಾಸ್ತರು ಕಡತ ಹಿಡಿದು ಆ ಬೀದಿಗಳಲ್ಲಿ ಎಷ್ಟೋ ಸಲ ಓಡಾಡಿದ್ದೇವೆ. ಬೀದಿಯ ಕೊನೆಗೆ ಗೋಡೆ, ಗೋಡೆಯ ಆಚೆ ಬಂದರು. ಹಡಗಿನ ಕೂಗು ಕಿವಿಗೆ ಬೀಳುವುದುಂಟು. ಹಡಗು ಮಾತ್ರ ನಮ್ಮ ಪಾಲಿಗೆ ಬೇರೆಯವರ ವಸ್ತುವಾಗಿಯೇ ಇತ್ತು.

ಈಗ ಆ ಮಾತು ಬದಲಾಗಿದೆ. ಇಟಲಿಯ ಕೋಸ್ಟಾ ಕಂಪನಿಯ ಹಡಗು ಕೆಲವು ಚಳಿಗಾಲ ಇಲ್ಲಿಂದ ಹೊರಟಿತು. 2018ರಲ್ಲಿ ‘ಆಂಗ್ರಿಯಾ’ ಗೋವೆಗೆ ಹೋಗತೊಡಗಿತು. 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಕಂಪನಿಯ ‘ಎಂಪ್ರೆಸ್’ ಮುಂಬಯಿಯಿಂದ ವಿಹಾರಯಾತ್ರೆ ಆರಂಭಿಸಿತು. 2025ರ ಸೆಪ್ಟೆಂಬರಿನಲ್ಲಿ ಬ್ಯಾಲಾರ್ಡ್ ಪಿಯರಿನಲ್ಲಿಯೇ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ಲಿನ ಉದ್ಘಾಟನೆಯೂ ಆಯಿತು. ಎರಡು ರಾತ್ರಿ, ಮೂರು ರಾತ್ರಿಗಳ ಸಣ್ಣ ಯಾತ್ರೆಗಳಿಗೆ ಮಧ್ಯಮ ವರ್ಗದ ಸಂಸಾರಗಳು ಹೊರಡತೊಡಗಿವೆ. ಡೊಂಬಿವಲಿ, ಮುಲುಂದ, ಗೋರೆಗಾಂವಗಳ ನಮ್ಮ ಸ್ನೇಹಿತರಲ್ಲಿಯೂ ಹೋಗಿ ಬಂದವರಿದ್ದಾರೆ. ಅವರ ಫೋಟೋಗಳನ್ನು ನೋಡಿ ನೋಡಿ ನಮ್ಮ ಮಕ್ಕಳಿಗೂ ಆಸೆ ಹುಟ್ಟಿತು. ಆಫೀಸಿನ ಪತ್ತಿನ ಸಂಘದಲ್ಲಿ ಉಳಿಸಿದ್ದ ಹಣ ಸ್ವಲ್ಪವಿತ್ತು. ಊರಿನಿಂದ ತಂದೆಯವರೂ ಬಂದಿದ್ದರು. ಹೀಗೆ ನಾವಿಬ್ಬರು, ಇಬ್ಬರು ಮಕ್ಕಳು, ತಂದೆಯವರು, ಒಟ್ಟು ಐವರು ಎರಡು ರಾತ್ರಿಯ ಯಾತ್ರೆಗೆ ಹೆಸರು ಬರೆಸಿದೆವು.

ಟಿಕೇಟಿನ ಹಿಂದೆಯೇ ಒಂದು ಸೂಚನಾಪತ್ರ ಬಂತು. ಗುರುತಿನ ಚೀಟಿ ತನ್ನಿ, ಇಷ್ಟು ಗಂಟೆಯೊಳಗೆ ಬನ್ನಿ, ಮನೆಯ ಅಡಿಗೆ ತರಬೇಡಿ ಎಂಬವುಗಳ ನಡುವೆ ‘ಸಂಜೆಯ ಊಟಕ್ಕೆ ಉಡುಗೆ’ ಎಂದೊಂದು ಕಲಮು. ಮೊದಲ ರಾತ್ರಿ ‘ಸ್ಮಾರ್ಟ್ ಕ್ಯಾಷುಯಲ್’, ಎರಡನೆಯ ರಾತ್ರಿ ‘ಫಾರ್ಮಲ್’. ಮಕ್ಕಳು ಕುಣಿದರು. ತಂದೆಯವರು ಕನ್ನಡಕ ಏರಿಸಿ ಓದಿ, ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟರು.

“ನೀವೆಲ್ಲ ಹೋಗಿ ಉಂಡು ಬರ್ರಿ. ನನಗ ಎರಡು ಕಟಕ ರೊಟ್ಟಿ, ಚೂರು ಶೇಂಗಾ ಚಟ್ನಿ ಸಾಕು. ಖೋಲ್ಯಾಗ ಕುಂತು ಉಣತೇನಿ” ಎಂದರು.

ಗದಗಿನ ಕಡೆಯ ಹಳ್ಳಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು ನಮ್ಮ ತಂದೆ. ಬಿಳಿ ಧೋತರ, ಬಿಳಿ ಅಂಗಿ, ಹೊರಗೆ ಹೊರಟರೆ ರುಮಾಲು. ಪ್ಯಾಂಟು ತೊಟ್ಟದ್ದನ್ನು ನಾವು ಕಂಡಿಲ್ಲ. ಅವರ ಮಾತಿಗೆ ಒಂದು ಕಾರಣವೂ ಇತ್ತು. ಅದನ್ನು ಮುಂದೆ ಹೇಳುತ್ತೇವೆ. ಮೊದಲು ಈ ಉಡುಗೆಯ ಕಟ್ಟಳೆ ಎಂದರೇನು ಎಂಬುದನ್ನು ನಾವು ತಿಳಿದುಕೊಂಡಷ್ಟು ವಾಚಕರ ಮುಂದಿಡುವುದು ಲೇಸು.

ಪ್ರಪಂಚದ ವಿಹಾರದ ಹಡಗುಗಳಲ್ಲಿ ಸಂಜೆಯ ಉಡುಗೆ ಸಾಮಾನ್ಯವಾಗಿ ಮೂರು ಮೆಟ್ಟಿಲುಗಳಲ್ಲಿದೆ. ಕೆಳಗಿನದು ಸಾದಾ ಉಡುಗೆ. ಸಾದಾ ಎಂದರೆ ಏನಾದರೂ ನಡೆಯುತ್ತದೆಂದಲ್ಲ. ಈಜುವ ಬಟ್ಟೆ, ಬನಿಯನ್ನು, ಬರಿಗಾಲು ಇವು ಊಟದ ದೊಡ್ಡ ಕೋಣೆಗೆ ಸಲ್ಲವು. ಹಲವೆಡೆ ರಬ್ಬರು ಚಪ್ಪಲಿಯೂ ಸಲ್ಲದು. ನಡುವಿನದು ಸ್ಮಾರ್ಟ್ ಕ್ಯಾಷುಯಲ್. ಕಾಲರಿರುವ ಅಂಗಿ, ಪೂರ್ಣ ಪ್ಯಾಂಟು, ಬೂಟು. ಹೆಂಗಸರಿಗೆ ಸೀರೆ, ಸಲ್ವಾರು ಇಲ್ಲವೆ ಅಚ್ಚುಕಟ್ಟಾದ ಬೇರಾವ ಉಡುಪಾದರೂ ಸರಿ. ನಮ್ಮವರು ಸಂಘದ ವಾರ್ಷಿಕೋತ್ಸವಕ್ಕೆ ಹೇಗೆ ಬರುತ್ತಾರೋ ಹಾಗೆ ಎಂದರೆ ಅರ್ಥವಾದೀತು. ಮೇಲಿನದು ಫಾರ್ಮಲ್, ಕೆಲವರು ಗಾಲಾ ರಾತ್ರಿ ಎನ್ನುತ್ತಾರೆ. ಗಂಡಸರಿಗೆ ಕರಿಯ ಡಿನ್ನರ್ ಜಾಕೆಟ್ಟು, ಚಿಟ್ಟೆಯಂಥ ಬೋ ಟೈ ಅಥವಾ ಗಾಢ ಬಣ್ಣದ ಸೂಟು. ಹೆಂಗಸರಿಗೆ ನೆಲ ಮುಟ್ಟುವ ನಿಲುವಂಗಿ.

ಎಲ್ಲ ಕಂಪನಿಗಳೂ ಒಂದೇ ಬಗೆಯಲ್ಲ. ‘ಕ್ವೀನ್ ಮೇರಿ 2’ ಹಡಗನ್ನು ನಡೆಸುವ ಕ್ಯೂನಾರ್ಡ್ ಕಂಪನಿ ಗಾಲಾ ರಾತ್ರಿಗಳನ್ನು ಇಂದಿಗೂ ಬಿಟ್ಟಿಲ್ಲ. ನಾರ್ವೀಜಿಯನ್ ಕಂಪನಿ 2000ದಲ್ಲಿಯೇ ‘ಫ್ರೀಸ್ಟೈಲ್’ ಎಂದು ಹೇಳಿ ಕಟ್ಟಳೆಯನ್ನು ಸಡಿಲಿಸಿತು. ಸೆಲೆಬ್ರಿಟಿ ಕಂಪನಿ 2015ರಲ್ಲಿ ಫಾರ್ಮಲ್ ರಾತ್ರಿಯನ್ನು ಕೈಬಿಟ್ಟು ಅದಕ್ಕಿಂತ ಸಡಿಲವಾದ ಬೇರೊಂದು ಹೆಸರನ್ನಿಟ್ಟಿತು. ಇನ್ನೊಂದು ಮಾತು. ಕಟ್ಟುನಿಟ್ಟಿನ ಹಡಗುಗಳಲ್ಲಿ ಕೂಡ, ಅಲಂಕಾರ ಬೇಡವೆನ್ನುವವರಿಗೆ ಬಫೆ ಊಟದ ಕೋಣೆ ತೆರೆದೇ ಇರುತ್ತದೆ. ಯಾರೂ ಉಪವಾಸ ಮಲಗಬೇಕಾಗಿಲ್ಲ. ಕಟ್ಟಳೆ ಇರುವುದು ದೊಡ್ಡ ಕೋಣೆಯ ಪಂಕ್ತಿಗೆ ಮಾತ್ರ.

ಈ ಪದ್ಧತಿ ಎಲ್ಲಿಂದ ಬಂತು? ಅದರ ಒಂದು ಬೇರು ನಮ್ಮ ಬ್ಯಾಲಾರ್ಡ್ ಪಿಯರಿನಲ್ಲಿಯೇ ಇದೆ. ಪಿ. ಎಂಡ್ ಓ. ಕಂಪನಿಯ ಟಪಾಲು ಹಡಗುಗಳು ಇಂಗ್ಲೆಂಡಿಗೂ ಮುಂಬಯಿಗೂ ಓಡಾಡುತ್ತಿದ್ದ ಕಾಲದಲ್ಲಿ ಮೊದಲ ದರ್ಜೆಯ ಸಾಹೇಬರು ರಾತ್ರಿಯೂಟಕ್ಕೆ ಉಡುಗೆ ಬದಲಿಸದೆ ಕೂಡುತ್ತಿರಲಿಲ್ಲ. ಅದಕ್ಕೂ ಒಂದು ರಿಯಾಯಿತಿ ಇತ್ತು. ಹೊರಟ ರಾತ್ರಿ ಪೆಟ್ಟಿಗೆ ಬಿಚ್ಚಿರುವುದಿಲ್ಲ, ಮುಟ್ಟುವ ಹಿಂದಿನ ರಾತ್ರಿ ಕಟ್ಟಿಯಾಗಿರುತ್ತದೆ. ಆದ್ದರಿಂದ ಮೊದಲ ರಾತ್ರಿಗೂ ಕಡೆಯ ರಾತ್ರಿಗೂ ವಿಶೇಷ ಉಡುಗೆಯ ಒತ್ತಾಯವಿಲ್ಲ. ಪೆಟ್ಟಿಗೆಗಳ ಮೇಲೆ ‘ಪ್ರಯಾಣದಲ್ಲಿ ಬೇಕು’, ‘ಪ್ರಯಾಣದಲ್ಲಿ ಬೇಡ’ ಎಂದು ಚೀಟಿ ಅಂಟಿಸುತ್ತಿದ್ದರು. ಬೇಡವೆಂದದ್ದು ಹಡಗಿನ ಹೊಟ್ಟೆಗೆ ಇಳಿಯುವುದು. ಊಟದ ಕೋಟು ಮಾತ್ರ ಖೋಲಿಗೆ ಬರುವುದು. ವಿಮಾನಗಳು ಹೆಚ್ಚಿ, 1967ರಲ್ಲಿ ಸೂಯೆಜ್ ಕಾಲುವೆಯೂ ಮುಚ್ಚಿದ ಮೇಲೆ ಆ ಹಡಗುಗಳ ಕಾಲ ಮುಗಿಯಿತು. ಹಡಗು ಹೋಯಿತು, ಕೋಟು ಉಳಿಯಿತು.

ಆ ಕೋಟಿನ ವಂಶಾವಳಿಯೂ ಸ್ವಾರಸ್ಯವಾಗಿದೆ. 1865ರಲ್ಲಿ ಇಂಗ್ಲೆಂಡಿನ ಯುವರಾಜ, ಮುಂದೆ ಏಳನೆಯ ಎಡ್ವರ್ಡ್ ದೊರೆಯಾದವನು, ಲಂಡನ್ನಿನ ಹೆನ್ರಿ ಪೂಲ್ ಎಂಬ ದರ್ಜಿಯ ಅಂಗಡಿಯಲ್ಲಿ ಮನೆಯ ಊಟಕ್ಕೆಂದು ಬಾಲವಿಲ್ಲದ ಗಿಡ್ಡ ಕೋಟೊಂದನ್ನು ಹೊಲಿಸಿಕೊಂಡನಂತೆ. ಅಲ್ಲಿಯವರೆಗೆ ದೊಡ್ಡವರ ಊಟಕ್ಕೆ ಹಿಂದೆ ಎರಡು ಬಾಲವಿರುವ ಕೋಟೇ ಬೇಕಾಗಿತ್ತು. ಅಂದರೆ ಇಂದು ನಾವು ಘನತೆಯ ತುದಿ ಎಂದು ಭಾವಿಸುವ ಉಡುಗೆ ಹುಟ್ಟಿದ್ದು ಆರಾಮಕ್ಕಾಗಿ! ಅದೇ ಕೋಟು ಅಮೆರಿಕೆಗೆ ಹೋಗಿ, ನ್ಯೂಯಾರ್ಕಿನ ಬಳಿಯ ಟಕ್ಸೀಡೋ ಪಾರ್ಕಿನ ಹೆಸರು ಪಡೆದು ‘ಟಕ್ಸೀಡೋ’ ಆಯಿತು.

ಅದರ ಮೇಲೆ ಸೊಂಟಕ್ಕೆ ಕಟ್ಟುವ ರೇಷ್ಮೆಯ ಅಗಲ ಪಟ್ಟಿಗೆ ಇಂಗ್ಲಿಷಿನಲ್ಲಿ ‘ಕಮರ್‌ಬಂಡ್’ ಎನ್ನುತ್ತಾರೆ. ಅದು ನಮ್ಮ ಕಮರಬಂದವೇ. ಹಿಂದುಸ್ತಾನದ ಸಿಪಾಯಿಗಳ, ಜವಾನರ ನಡುಪಟ್ಟಿಯನ್ನು ಕಂಡ ಇಂಗ್ಲಿಷ್ ಅಧಿಕಾರಿಗಳು ಬಿಸಿಲ ನಾಡಿನಲ್ಲಿ ವೇಸ್ಟ್‌ಕೋಟಿನ ಸೆಕೆ ತಾಳಲಾರದೆ ಅದನ್ನು ಕಟ್ಟಿಕೊಂಡರು. ಕಟ್ಟಿಕೊಂಡು ಊಟದ ಮೇಜಿಗೂ ಒಯ್ದರು. ಇನ್ನೊಂದು ತುದಿಯನ್ನು ನೋಡಿ. ಹಡಗಿನ ಖಲಾಸಿಗಳು ತೊಡುವ ಒರಟು ಬಟ್ಟೆಯ ಇಜಾರಿಗೆ ‘ಡಂಗರೀಸ್’ ಎಂಬ ಹೆಸರಿದೆ. ಅಂಥದನ್ನು ತೊಟ್ಟು ಬಂದರೆ ಗಾಲಾ ರಾತ್ರಿಯ ಬಾಗಿಲು ತೆರೆಯದು. ಆ ಹೆಸರು ಬಂದದ್ದು ನಮ್ಮ ಡೋಂಗ್ರಿಯಿಂದ, ಬಂದರಿನ ಮಗ್ಗುಲಲ್ಲೇ ಇರುವ ಮುಂಬಯಿಯ ಹಳೆಯ ಪೇಟೆಯಿಂದ. ಊಟದ ಕೋಣೆಯೊಳಗೆ ಮೆರೆಯುವ ಪಟ್ಟಿಯ ಹೆಸರೂ ನಮ್ಮ ಕಡೆಯದೇ, ಬಾಗಿಲ ಹೊರಗೆ ನಿಲ್ಲುವ ಇಜಾರಿನ ಹೆಸರೂ ನಮ್ಮ ಕಡೆಯದೇ.

ಹಡಗಿನ ಊಟದ ಸಂಕೋಚ ನಮ್ಮ ತಂದೆಯವರೊಬ್ಬರದೇ ಅಲ್ಲ. 1888ರ ಸೆಪ್ಟೆಂಬರ್ 4ರಂದು ಹದಿನೆಂಟರ ತರುಣನೊಬ್ಬ ಬ್ಯಾರಿಸ್ಟರ ಪರೀಕ್ಷೆಗೆಂದು ಇದೇ ಮುಂಬಯಿಯಿಂದ ‘ಕ್ಲೈಡ್’ ಹಡಗನ್ನೇರಿದ. ಚಮಚ, ಚಾಕು, ಮುಳ್ಳುಗಳ ಬಳಕೆ ಅವನಿಗೆ ಬರದು. ಯಾವ ಪದಾರ್ಥದಲ್ಲಿ ಮಾಂಸವಿಲ್ಲ ಎಂದು ಕೇಳುವ ಧೈರ್ಯವೂ ಇಲ್ಲ. ಮೇಜಿನ ಊಟಕ್ಕೆ ಹೋಗದೆ, ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳನ್ನೇ ಖೋಲಿಯಲ್ಲಿ ಕುಳಿತು ತಿಂದ. ಹಡಗಿನಲ್ಲಿ ಕಪ್ಪು ಸೂಟು ತೊಟ್ಟು, ಸ್ನೇಹಿತರು ಮಾಡಿಸಿಕೊಟ್ಟ ಬಿಳಿಯ ಫ್ಲ್ಯಾನಲ್ ಸೂಟನ್ನು ದಡ ಮುಟ್ಟುವ ದಿನಕ್ಕೆಂದು ಜೋಪಾನವಾಗಿ ಇಟ್ಟಿದ್ದ. ಇಳಿದಾಗ ಸೆಪ್ಟೆಂಬರಿನ ಕೊನೆ, ಚಳಿ ಶುರುವಾಗಿತ್ತು. ಅಷ್ಟು ಜನರಲ್ಲಿ ಬಿಳಿ ತೊಟ್ಟವನು ತಾನೊಬ್ಬನೇ! ಈ ಸಂಗತಿಯನ್ನು ಮೋಹನದಾಸ ಕರಮಚಂದ ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ತಾವೇ ಹೇಳಿಕೊಂಡಿದ್ದಾರೆ.

ನಲವತ್ಮೂರು ವರ್ಷಗಳ ಮೇಲೆ, 1931ರ ಆಗಸ್ಟ್ 29ರಂದು, ಅವರೇ ದುಂಡುಮೇಜಿನ ಪರಿಷತ್ತಿಗೆಂದು ಮುಂಬಯಿಯಿಂದ ‘ರಾಜಪುತಾನಾ’ ಹಡಗಿನಲ್ಲಿ ಹೊರಟರು. ಈ ಸಲ ಮೈಮೇಲೆ ತುಂಡು ಧೋತರ, ಮೇಲೊಂದು ಶಾಲು. ಜೊತೆಯವರು ಪೆಟ್ಟಿಗೆಗಳನ್ನು ಹೆಚ್ಚಾಗಿ ತಂದದ್ದನ್ನು ಕಂಡು ಬೇಸರಪಟ್ಟು, ಬೇಡವಾದ ಸಾಮಾನನ್ನು ಏಡನ್ನಿನಿಂದ ಹಿಂದಕ್ಕೆ ಕಳಿಸಿದರು. ಅದೇ ನವೆಂಬರಿನಲ್ಲಿ ಬಕಿಂಗ್‌ಹ್ಯಾಂ ಅರಮನೆಗೆ ದೊರೆಯ ಸತ್ಕಾರಕೂಟಕ್ಕೆ ಹೋದದ್ದೂ ಆ ಉಡುಗೆಯಲ್ಲಿಯೇ. ಎಲ್ಲರೂ ಗಾಂಧಿಯಾಗಲು ಬಾರದು, ನಿಜ. ಆದರೆ ಆ ಎರಡು ಪ್ರಯಾಣಗಳ ನಡುವೆ ಮನುಷ್ಯನ ಸಂಕೋಚ ಎಷ್ಟು ದೂರ ಸರಿಯಬಲ್ಲದೆಂಬುದು ಗಮನಿಸತಕ್ಕ ಮಾತು.

ನಮ್ಮ ಕನ್ನಡಿಗರಿಗೂ ಹಡಗು ಹೊಸದಲ್ಲ. ರಸ್ತೆ, ರೈಲುಗಳು ಸರಿಯಾಗಿಲ್ಲದ ಕಾಲದಲ್ಲಿ ದಕ್ಷಿಣ ಕನ್ನಡ, ಉತ್ತರ ಕನ್ನಡಗಳ ಎಷ್ಟೋ ಮಂದಿ ಕರಾವಳಿಯ ಆಗಬೋಟಿಯಲ್ಲಿಯೇ ಮುಂಬಯಿಗೆ ಬಂದವರು. ಕೊಂಕಣ ರೈಲ್ವೆ ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ ಎಂಬುದನ್ನು ನೆನೆದರೆ ಆ ಆಗಬೋಟಿಯ ಬೆಲೆ ತಿಳಿಯುತ್ತದೆ. ಅವರದು ಡೆಕ್ಕಿನ ಟಿಕೇಟು. ಚಾಪೆ ಬಿಡಿಸಿದಲ್ಲೇ ಮನೆ, ಬುತ್ತಿಯ ಗಂಟು ಬಿಚ್ಚಿದಲ್ಲೇ ಊಟದ ಕೋಣೆ. ಅಲ್ಲಿ ಉಡುಗೆಯ ಕಟ್ಟಳೆ ಕೇಳುವವರಾರು? ಹಾಗೆ ಬಂದಿಳಿದ ಹುಡುಗರು ಫೋರ್ಟಿನ, ಮಾಟುಂಗದ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತು ಮೇಲೆ ಬಂದರು. ಇಂದು ಅವರ ಮೊಮ್ಮಕ್ಕಳು ಮೊದಲ ದರ್ಜೆಯ ಮೇಜಿಗೆ ಕೂಡುವ ಕಾಲ ಬಂದಿರುವಾಗ, ಅಜ್ಜನ ಉಡುಗೆಯನ್ನು ದಡದಲ್ಲೇ ಬಿಟ್ಟು ಹತ್ತಬೇಕೇ ಎಂಬ ಪ್ರಶ್ನೆ ಸಣ್ಣದಲ್ಲ.

ಈಗ ತಂದೆಯವರ ಹಿಂಜರಿಕೆಯ ಕಾರಣ. ಕೆಲವು ವರ್ಷಗಳ ಹಿಂದೆ ನಗರದ ಒಂದು ಕ್ಲಬ್ಬಿನಲ್ಲಿ ಪರಿಚಿತರ ಮಗನ ಆರತಕ್ಷತೆ. ನಾವು ಆಫೀಸಿನಿಂದ ನೇರವಾಗಿ ಬರುವುದೆಂದೂ ತಂದೆಯವರು ನೆರೆಮನೆಯವರ ಜೊತೆ ಬರುವುದೆಂದೂ ಗೊತ್ತಾಗಿತ್ತು. ಬಾಗಿಲಲ್ಲಿ ಕಾವಲಿನವನು ಅವರ ಧೋತರವನ್ನೂ ಚಪ್ಪಲಿಯನ್ನೂ ನೋಡಿ, ಒಳಗೆ ಕೇಳಿ ಬರುತ್ತೇನೆಂದು ಹೇಳಿ ನಿಲ್ಲಿಸಿದ. ಕೇಳಿ ಬರುವಷ್ಟರಲ್ಲಿ ತಂದೆಯವರು ರಿಕ್ಷಾ ಹಿಡಿದು ನಿಲ್ದಾಣಕ್ಕೆ ಹೋಗಿಬಿಟ್ಟಿದ್ದರು. ಮನೆಗೆ ಬಂದು ಮೊಸರನ್ನ ಉಂಡು ಮಲಗಿದ್ದರು. ಆ ವಿಷಯವನ್ನು ಅವರು ಇಂದಿನವರೆಗೂ ಬಾಯಿಬಿಟ್ಟು ಆಡಿಲ್ಲ. ನೆರೆಮನೆಯವರು ಹೇಳಿದ್ದರಿಂದ ನಮಗೆ ತಿಳಿಯಿತು.

ಇಂಥದು ದೊಡ್ಡವರನ್ನೂ ಬಿಟ್ಟಿಲ್ಲ. 1988ರಲ್ಲಿ ಬರಿಗಾಲಿನಲ್ಲಿ ನಡೆದಾಡುತ್ತಿದ್ದ ಚಿತ್ರಕಾರ ಎಂ. ಎಫ್. ಹುಸೇನರಿಗೆ ಮುಂಬಯಿಯ ವಿಲಿಂಗ್‌ಡನ್ ಕ್ಲಬ್ಬು ಒಳಗೆ ಬಿಡಲಿಲ್ಲ. 2014ರ ಜುಲೈಯಲ್ಲಿ ಚೆನ್ನೈಯ ಕ್ರಿಕೆಟ್ ಸಂಸ್ಥೆಯ ಕ್ಲಬ್ಬಿನಲ್ಲಿ ವೇಷ್ಟಿ ಉಟ್ಟ ಹೈಕೋರ್ಟು ನ್ಯಾಯಾಧೀಶ ಹರಿಪರಂತಾಮನ್ ಅವರನ್ನು ತಡೆದರು. ಅದೇ ವರ್ಷ ತಮಿಳುನಾಡು ಸರಕಾರ ಅಂಥ ತಡೆಯನ್ನು ನಿಷೇಧಿಸುವ ಕಾಯಿದೆಯನ್ನೇ ಮಾಡಿತು. 2024ರ ಜುಲೈಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಮಗನ ಜೊತೆ ಸಿನಿಮಾ ನೋಡಲು ಬಂದ ಪಂಚೆಯ ರೈತರೊಬ್ಬರನ್ನು ಮಾಲೊಂದರ ಬಾಗಿಲಲ್ಲಿ ನಿಲ್ಲಿಸಿದರು. ಜನ ಸಿಟ್ಟಿಗೆದ್ದು, ವಿಧಾನಸಭೆಯಲ್ಲಿ ಮಾತಾಗಿ, ಆ ಮಾಲನ್ನು ಏಳು ದಿನ ಮುಚ್ಚಿಸಲಾಯಿತು. ಸ್ವಂತ ನಾಡಿನ ರಾಜಧಾನಿಯಲ್ಲೇ ಹೀಗಾದಮೇಲೆ, ನಡುನೀರಿನ ಹಡಗಿನಲ್ಲಿ ಏನು ಭರವಸೆ ಎಂದು ಎಪ್ಪತ್ತು ದಾಟಿದ ಹಿರಿಯರು ಅಂದುಕೊಂಡರೆ ತಪ್ಪೆನ್ನುವಂತಿಲ್ಲ.

ಆಫೀಸಿನ ಸ್ನೇಹಿತರು ಬಾಡಿಗೆಗೆ ಸೂಟು ಸಿಗುವ ಅಂಗಡಿಯ ವಿಳಾಸ ಕೊಟ್ಟರು. ಮೊಮ್ಮಗ “ಅಜ್ಜಾ, ಒಂದ ರಾತ್ರಿ ಅಲ್ಲ ಏನು, ಪ್ಯಾಂಟ ಹಾಕ್ಕೋ” ಎಂದ. ಅಜ್ಜ ನಕ್ಕು ಸುಮ್ಮನಾದರು. ನಮ್ಮ ಮನೆಯಾಕೆ ಮಾತ್ರ ಒಪ್ಪಲಿಲ್ಲ.

“ಮಾವಾರ, ಅವರನ್ನ ಕೇಳದನ ಇಲ್ಲ ಅನಬ್ಯಾಡ್ರಿ” ಎಂದು ತಂದೆಯವರಿಗೆ ಹೇಳಿ, ನಮ್ಮ ಕಡೆ ತಿರುಗಿ, “ಆಫೀಸಿನ್ಯಾಗ ದಿನಾ ಊರಿಗೆಲ್ಲಾ ಕಾಗದ ಬರೀತೀರಿ. ಇದಕ್ಕೊಂದು ಬರೀರಿ” ಎಂದಳು.

ಗುಮಾಸ್ತನಿಗೆ ಇದಕ್ಕಿಂತ ಬೇರೆ ಆಯುಧ ಯಾವುದು? ವಿಷಯ, ಉಲ್ಲೇಖ ಎಲ್ಲವನ್ನೂ ಕ್ರಮವಾಗಿ ಹಾಕಿ ಕಂಪನಿಗೆ ಇ-ಮೇಲು ಬರೆದೆವು. ಒಂದು, ಧೋತರ, ಮುಚ್ಚುಗೊರಳಿನ ಕೋಟು ಮತ್ತು ರುಮಾಲು ಫಾರ್ಮಲ್ ರಾತ್ರಿಗೆ ಸಲ್ಲುತ್ತವೆಯೇ? ಎರಡು, ಚರ್ಮದ ಚಪ್ಪಲಿ ನಡೆಯುತ್ತದೆಯೇ? ಮೂರು, ಸೀರೆಯ ಬಗ್ಗೆ ಏನಾದರೂ ನಿರ್ಬಂಧವುಂಟೇ? ದಯಮಾಡಿ ಲಿಖಿತವಾಗಿ ತಿಳಿಸುವುದು. ಮೂರನೆಯ ದಿನ ಉತ್ತರ ಬಂತು. ಸಾಂಪ್ರದಾಯಿಕ ಉಡುಗೆಗೆ ಎಲ್ಲ ರಾತ್ರಿಯೂ ಸ್ವಾಗತ. ಸೀರೆಗೆ ಪ್ರಶ್ನೆಯೇ ಇಲ್ಲ. ಚಪ್ಪಲಿಗೆ ಬದಲಾಗಿ ಬೂಟು ಅಥವಾ ಹಿಮ್ಮಡಿಗೆ ಪಟ್ಟಿಯಿರುವ ಸ್ಯಾಂಡಲ್ ಇದ್ದರೆ ಒಳ್ಳೆಯದು. ತೂಗಾಡುವ ಹಡಗಿನ ಮೆಟ್ಟಿಲಲ್ಲಿ ಸಡಿಲ ಚಪ್ಪಲಿ ಜಾರುವುದರಿಂದ ಈ ಮಾತು ನಮಗೂ ಸರಿಯೆನಿಸಿತು.

ಆಮೇಲೆ ವಿಚಾರಿಸಿ ನೋಡಿದರೆ ಇದೇನೂ ನಮಗಾಗಿ ಮಾಡಿದ ವಿಶೇಷ ಉಪಕಾರವಲ್ಲ. ಕ್ಯೂನಾರ್ಡಿನಂಥ ಕಟ್ಟಾ ಸಂಪ್ರದಾಯದ ಕಂಪನಿ ಕೂಡ ಗಾಲಾ ರಾತ್ರಿಗೆ ರಾಷ್ಟ್ರೀಯ ಉಡುಪು ಸಲ್ಲುತ್ತದೆಂದು ಸ್ಪಷ್ಟವಾಗಿ ಹೇಳುತ್ತದೆ. ಸ್ಕಾಟ್ಲಂಡಿನವನು ತನ್ನ ನೆರಿಗೆಯ ಕಿಲ್ಟು ಉಟ್ಟು ಬರುವಾಗ ಗದಗಿನವನು ನೆರಿಗೆಯ ಧೋತರ ಉಟ್ಟು ಏಕೆ ಬರಬಾರದು? ಆ ಉತ್ತರವನ್ನು ಮುದ್ರಿಸಿ, ಎರಡು ಪ್ರತಿ ತೆಗೆದು, ಒಂದನ್ನು ತಂದೆಯವರ ಕೈಗೆ ಕೊಟ್ಟೆವು. ಅವರು ಅದನ್ನು ಓದಿ ಮಡಚಿ ಕೋಟಿನ ಕಿಸೆಯಲ್ಲಿಟ್ಟುಕೊಂಡರು. ಮರುದಿನ ಡೊಂಬಿವಲಿ ನಿಲ್ದಾಣದ ಹೊರಗಿನ ಅಂಗಡಿಯಲ್ಲಿ ಪಟ್ಟಿಯ ಸ್ಯಾಂಡಲ್ ಕೊಂಡಾಯಿತು.

ಹೊರಟದ್ದು ಚಳಿಗಾಲದ ಒಂದು ಸಂಜೆ. ಹಡಗು ದಡ ಬಿಟ್ಟಿತೆಂಬುದು ಮೊದಲು ತಿಳಿಯಲೇ ಇಲ್ಲ. ಬ್ಯಾಲಾರ್ಡ್ ಎಸ್ಟೇಟೇ ಮೆಲ್ಲಗೆ ಹಿಂದೆ ಸರಿದಂತೆ ಕಂಡಿತು. ಎಡಕ್ಕೆ ಎಲಿಫೆಂಟಾದ ಗುಡ್ಡಗಳು, ಬಲಕ್ಕೆ ಗೇಟ್‌ವೇಯ ಕಮಾನು, ಅದರ ಹಿಂದೆ ತಾಜ್ ಹೋಟೆಲಿನ ಗುಮ್ಮಟ. ಕೊಲಾಬಾದ ತುದಿ ದಾಟಿ ಪ್ರಾಂಗ್ಸ್ ದೀಪಸ್ತಂಭದ ಬೆಳಕು ತಿರುಗತೊಡಗುವ ಹೊತ್ತಿಗೆ ಊರಿನ ದೀಪಗಳೆಲ್ಲ ಒಂದೇ ಸರವಾದವು. ದಿನವೂ ಲೋಕಲಿನ ಬಾಗಿಲಲ್ಲಿ ಜೋತುಬಿದ್ದು ನೋಡುವ ಊರು ಇದೇನಾ ಎಂದು ನಮ್ಮ ಮನೆಯಾಕೆ ಕಠಡಾ ಹಿಡಿದು ಬಹಳ ಹೊತ್ತು ನಿಂತಿದ್ದಳು. ಮೊದಲ ರಾತ್ರಿಯ ಊಟ ಗಡಿಬಿಡಿಯಲ್ಲಿ ಬಫೆಯಲ್ಲೇ ಮುಗಿಯಿತು. ಮರುದಿನ ಗೋವೆ, ಅದನ್ನು ಬರೆಯಹೊರಟರೆ ಬೇರೆ ಲೇಖನವಾದೀತು.

ಎರಡನೆಯ ಸಂಜೆ ತಂದೆಯವರು ಗಂಟೆಗೆ ಮುಂಚೆಯೇ ಸಿದ್ಧರಾದರು. ಗಂಜಿ ಹಾಕಿ ಇಸ್ತ್ರಿ ಮಾಡಿಸಿದ ಧೋತರ, ನಿವೃತ್ತಿಯ ಸತ್ಕಾರದ ದಿನ ಹೊಲಿಸಿದ ಕರಿಯ ಮುಚ್ಚುಗೊರಳಿನ ಕೋಟು, ತಲೆಗೆ ರುಮಾಲು. ಕನ್ನಡಿ ಸಣ್ಣದು, ಹಡಗು ತೂಗುತ್ತಿತ್ತು. ರುಮಾಲು ಎರಡು ಸಲ ಬಿಚ್ಚಿ ಸುತ್ತಬೇಕಾಯಿತು. ನಮ್ಮ ಮನೆಯಾಕೆ ಇಳಕಲ್ ಸೀರೆ ಉಟ್ಟು, ಟೋಪಿನ ಸೆರಗು ಹೊದ್ದಳು. ಮಗ ಹೊಸ ಪ್ಯಾಂಟು, ಮಗಳು ಖಣದ ಲಂಗ. ನಾವು ಆಫೀಸಿನ ಕೋಟು ತೊಟ್ಟೆವು. ನಮ್ಮ ಉಡುಗೆಯನ್ನು ಯಾರೂ ಗಮನಿಸಲಿಲ್ಲವೆಂಬುದನ್ನೂ ಇಲ್ಲಿ ಹೇಳಿಬಿಡುತ್ತೇವೆ.

ಊಟದ ಕೋಣೆಯ ಬಾಗಿಲು ಹತ್ತಿರವಾದಂತೆ ತಂದೆಯವರ ಹೆಜ್ಜೆ ಸಣ್ಣದಾಯಿತು. ಕೈ ಕಿಸೆಯ ಕಾಗದದ ಮೇಲಿತ್ತು. ಬಾಗಿಲಲ್ಲಿ ನಿಂತ ಮುಖ್ಯ ಉಗ್ರಾಣಿ ಮುಂದೆ ಬಂದು ಕೈಜೋಡಿಸಿ, ತಾನೇ ಅವರ ಮುಂದೆ ನಡೆದು ಮೇಜಿನವರೆಗೆ ಕರೆದೊಯ್ದು ಕುರ್ಚಿ ಸರಿಸಿಕೊಟ್ಟ. ಕಾಗದ ಕಿಸೆಯಿಂದ ಹೊರಗೆ ಬರಲೇ ಇಲ್ಲ.

ಸುತ್ತ ನೋಡಿದೆವು. ಬಾಡಿಗೆಯ ಸೂಟಿನ ತರುಣರು ಕೊರಳು ಸಡಿಲಿಸಿಕೊಳ್ಳುತ್ತಿದ್ದರು. ಗುಜರಾತಿ ಅಜ್ಜಿಯರು ಬಲಭುಜದ ಸೆರಗಿನ ಪಟೋಲಾದಲ್ಲಿ ಆರಾಮವಾಗಿದ್ದರು. ಪಕ್ಕದ ಮೇಜಿನಲ್ಲಿ ಪಾರ್ಸಿ ವೃದ್ಧರೊಬ್ಬರು ಎದೆಯ ಮೇಲೆ ಕಸೆ ಕಟ್ಟಿದ ಬಿಳಿಯ ಡಗಲಿ ತೊಟ್ಟಿದ್ದರು. ಅವರು ತಂದೆಯವರ ರುಮಾಲನ್ನೂ ತಂದೆಯವರು ಅವರ ಡಗಲಿಯನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅವರು ಹಿಂದಿಯಲ್ಲಿ, ಇದನ್ನು ನೀವೇ ಸುತ್ತಿದ್ದೇ ಎಂದು ಕೇಳಿದರು. ತಂದೆಯವರು ಹೌದೆಂದು, ಎಷ್ಟು ಮೊಳವೆಂಬುದನ್ನು ಕೈಯಿಂದ ಅಳೆದು ತೋರಿಸಿದರು. ಅವರು ತಮ್ಮ ಕಸೆಗಳನ್ನು ಕಟ್ಟಲು ಮೊಮ್ಮಗಳು ಬೇಕಾಯಿತೆಂದು ನಕ್ಕರು. ಊಟ ಮುಗಿಯುವಷ್ಟರಲ್ಲಿ ಇಬ್ಬರ ಮಾತೂ ಮಂಡಿನೋವಿನವರೆಗೆ ಬಂದಿತ್ತು.

ಬಡಿಸುವ ಹುಡುಗ ಕಾರವಾರದ ಕಡೆಯವನು. ನಮ್ಮ ಮಾತು ಕೇಳಿ ಕನ್ನಡದಲ್ಲೇ “ಅಜ್ಜಾ, ಕಡೆಗೆ ಅನ್ನ ಮೊಸರು ತರಲೇ?” ಎಂದ. ತಂದೆಯವರು ಅವನ ಗುಂಡಿ ಹಾಕಿದ ಬಿಳಿಕೋಟನ್ನು ನೋಡಿ, ಇದು ದಿನಾ ಒಗೆಯುವುದೇ ಎಂದು ವಿಚಾರಿಸಿದರು. ದಿನವೂ ಬೇರೆ ಕೋಟು, ಕೆಲಸಕ್ಕೆ ನಿಲ್ಲುವ ಮುಂಚೆ ಉಗುರು, ಗಡ್ಡ, ಬೂಟು ಎಲ್ಲದರ ತಪಾಸಣೆ. ತಮಗೆ ಇರುವ ಕಟ್ಟಳೆಯ ಮುಂದೆ ಪ್ರಯಾಣಿಕರದು ಏನೂ ಅಲ್ಲವೆಂದು ಅವನು ಹೇಳಿದ. ಹಿಂದೆ ಪಿ. ಎಂಡ್ ಓ. ಹಡಗುಗಳಲ್ಲಿ ಬಡಿಸುತ್ತಿದ್ದವರಲ್ಲಿ ಗೋವೆಯವರು ಬಹಳ ಮಂದಿ. ಆ ಪರಂಪರೆ ಈ ಕರಾವಳಿಯಲ್ಲಿ ಇನ್ನೂ ಇದೆ.

“ನೀ ಯಾವಾಗ ಉಣ್ಣಾಂವಪಾ?” ಎಂದರು ತಂದೆಯವರು.

“ಎರಡನೇ ಪಂಕ್ತಿ ಮುಗಿದು, ನಾಳೆಯ ಮೇಜು ಹಾಕಿದ ಮೇಲೆ, ಅಜ್ಜಾ.”

ತಂದೆಯವರು ತಟ್ಟೆಯಲ್ಲಿ ಒಂದಗಳು ಉಳಿಸದೆ ಉಂಡರು.

ಆ ರಾತ್ರಿ ಡೆಕ್ಕಿನ ಮೇಲೆ ಕುಳಿತಾಗ ಅವರು ಹೇಳಿದರು: “ಇದರಾಗ ಹೊಸಾದು ಏನೈತಿ? ಮದವಿ ಮನಿಗೆ ಹಳೇ ಧೋತರ ಉಟಗೊಂಡು ಹೋದರ ಬೀಗರು ಬಿಡತಿದ್ದರೇನು? ಉಣ್ಣಾಕ ಕರದಾವರಿಗೆ ನಾವು ಕೊಡೋ ಮರ್ಯಾದಿ ಅದು.”

ನಮಗೆ ಈ ಮಾತು ಒಪ್ಪಿಗೆಯಾಯಿತು. ಊಟಕ್ಕೆ ಉಡುಗೆಯ ಕಟ್ಟಳೆ ಇಂಗ್ಲಿಷರದೊಂದೇ ಸೊತ್ತಲ್ಲ. ನಮ್ಮಲ್ಲಿ ಮಡಿಯ ಪಂಚೆ ಉಡದೆ ಎಲೆಯ ಮುಂದೆ ಕೂಡದ ಮನೆಗಳಿದ್ದವು, ಇಂದಿಗೂ ಇವೆ. ಉಡುಪಿಯ ಕೃಷ್ಣನ ಮುಂದೆ ಗಂಡಸರು ಅಂಗಿ ಕಳಚಿ ನಿಲ್ಲುತ್ತಾರೆ. ಅವರಲ್ಲಿ ಕೋಟು ತೊಡದವನಿಗೆ ಪ್ರವೇಶವಿಲ್ಲ, ನಮ್ಮಲ್ಲಿ ಅಂಗಿ ಕಳಚದವನಿಗೆ ಇಲ್ಲ. ಎರಡರ ಒಳಗಿನ ಅರ್ಥ ಒಂದೇ. ಈ ಹೊತ್ತು ಉಳಿದ ಹೊತ್ತಿನಂತಲ್ಲ, ಸಿದ್ಧನಾಗಿ ಬಾ ಎಂಬುದು. ಆದರೆ ಊಟಕ್ಕೆ ಶಿಸ್ತು ತಂದ ಅದೇ ಮಡಿ ಪಕ್ಕದವನನ್ನು ಬೇರೆ ಪಂಕ್ತಿಗೆ ತಳ್ಳಿದ್ದನ್ನೂ ನಾವು ಮರೆಯಬಾರದು. ಸಿದ್ಧನಾಗಿ ಬಾ ಎನ್ನುವ ಕಟ್ಟಳೆ ಬೇರೆ, ನೀನು ಬರಬೇಡ ಎನ್ನುವ ಕಟ್ಟಳೆ ಬೇರೆ. ಕ್ಲಬ್ಬಿನ ಬಾಗಿಲಲ್ಲಿ ತಂದೆಯವರು ಕಂಡದ್ದು ಎರಡನೆಯದು. ಹಡಗಿನಲ್ಲಿ ಕಂಡದ್ದು ಮೊದಲನೆಯದು. ಕಾಗದದ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಯಾವುದು ಯಾವುದೆಂದು ತಿಳಿಯಬೇಕಾದರೆ ಕೇಳಲೇಬೇಕು.

ಇನ್ನು ಹೊರಡಲಿರುವ ಸ್ನೇಹಿತರಿಗೆ ನಾಲ್ಕು ಮಾತು. ಟಿಕೇಟು ಕೊಳ್ಳುವಾಗಲೇ ಎಷ್ಟು ರಾತ್ರಿ, ಯಾವ ರಾತ್ರಿಗೆ ಯಾವ ಉಡುಗೆ ಎಂದು ವಿಚಾರಿಸಿ. ಸಂಶಯವಿದ್ದರೆ ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಎರಡು ರಾತ್ರಿಯ ಯಾತ್ರೆಗೆ ಒಂದು ಒಳ್ಳೆಯ ಜೊತೆ, ಒಂದು ಸಾದಾ ಜೊತೆ ಧಾರಾಳವಾಯಿತು. ಖೋಲಿಯ ಕಪಾಟು ಸಣ್ಣದು. ಸೂಟು ಇಲ್ಲದವರು ಹೊಲಿಸುವ ಗೋಜಿಗೆ ಹೋಗಬೇಡಿ, ಮುಚ್ಚುಗೊರಳಿನ ಕೋಟು ಸಾಕು. ಸೀರೆಗೆ ಎಲ್ಲ ಹಡಗಿನಲ್ಲೂ ಮರ್ಯಾದೆಯಿದೆ; ಉದ್ದ ನೆರಿಗೆಯವರು ಮೆಟ್ಟಿಲಲ್ಲಿ ಮಾತ್ರ ಜೋಪಾನ. ಸಂಜೆಯ ಕೋಣೆಗಳಲ್ಲಿ ತಂಪುಗಾಳಿ ಹೆಚ್ಚು, ಹಿರಿಯರಿಗೆ ಶಾಲು ಇರಲಿ. ಪಾದರಕ್ಷೆ ಬಿಗಿಯಾಗಿರಲಿ. ಅಲಂಕಾರದ ಮನಸ್ಸಿಲ್ಲದ ದಿನ ಬಫೆಯಲ್ಲಿ ಉಣ್ಣಿರಿ, ಅದರಲ್ಲಿ ಕೀಳೇನೂ ಇಲ್ಲ. ಹಿರಿಯರು ‘ನಾ ಒಲ್ಲೆ, ಖೋಲಿಯಲ್ಲೇ ಉಣ್ಣುತ್ತೇನೆ’ ಎಂದರೆ ಮಾತ್ರ, ಅವರಿಗೆ ಹಸಿವಿಲ್ಲವೋ ಅಥವಾ ಬಾಗಿಲಿನ ಭಯವೋ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಿರಿ.